ಕತ್ಸಿನ ಗೊಂಬೆ ಯಾರದು? ಹೋಪಿಗಳ ನಂಬಿಕೆ, ನವಾಹೊಗಳ ಹೊಟ್ಟೆಪಾಡು

ಅಮೆರಿಕದ ಅರಿಝೋನಾ, ನ್ಯೂ ಮೆಕ್ಸಿಕೊ ಕಡೆಯ ಹೆದ್ದಾರಿಗಳ ಪಕ್ಕ ಗಿಫ್ಟ್ ಅಂಗಡಿಗಳು ಸಾಲಾಗಿ ಸಿಗುತ್ತವೆ. ಗ್ರ್ಯಾಂಡ್ ಕ್ಯಾನಿಯನ್ ನೋಡಲು ಹೋಗುವ ನಮ್ಮ ಕನ್ನಡಿಗರೂ ಅಲ್ಲಿ ಕಾರು ನಿಲ್ಲಿಸಿ ಏನಾದರೂ ಕೊಳ್ಳುತ್ತಾರೆ. ಇಂಥ ಅಂಗಡಿಗಳಲ್ಲಿ ಒಂದು ಕಪಾಟಿನ ತುಂಬ ಮರದ ಗೊಂಬೆಗಳಿರುತ್ತವೆ. ಮುಖವಾಡ, ತಲೆ ಮೇಲೆ ಗರಿ, ಕೊರಳಿಗೆ ತುಪ್ಪಳ, ಕೈಯಲ್ಲೊಂದು ಗಿಲಕಿ. ಕೆಳಗೆ ‘ಕಚಿನ’ (ಕತ್ಸಿನ ಎಂಬುದರ ಇಂಗ್ಲಿಷ್ ರೂಪ) ಎಂದು ಬರೆದ ಚೀಟಿ. ಒಂದು ಗೊಂಬೆ ಹತ್ತಾರು ಡಾಲರ್‌ಗೇ ಸಿಗುತ್ತದೆ. ಅಷ್ಟೇ ಎತ್ತರದ ಇನ್ನೊಂದಕ್ಕೆ ಸಾವಿರ ಡಾಲರ್‌ಗೂ ಜಾಸ್ತಿ ಹೇಳುತ್ತಾರೆ. ಎರಡನ್ನೂ ಮಾಡಿದವರು ಅಮೆರಿಕದ ಮೂಲನಿವಾಸಿಗಳೇ. ಆದರೂ ಆ ಅಗ್ಗದ ಗೊಂಬೆ ಕಂಡರೆ, ಈ ಗೊಂಬೆ ಯಾರ ನಂಬಿಕೆಗೆ ಸೇರಿದೆಯೋ ಆ ಹೋಪಿ ಬುಡಕಟ್ಟಿನವರಿಗೆ ನೋವಾಗುತ್ತದೆ. ಅದು ಅವರ ನೆರೆಯವರಾದ ನವಾಹೊಗಳು ಮಾಡಿದ್ದು.

ಇದನ್ನು ಅಸಲಿ ನಕಲಿ ಜಗಳ ಅಂದುಕೊಂಡು ಸುಮ್ಮನಾಗುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಹೋಪಿಗಳ ಪಾಲಿಗೆ ಈ ಗೊಂಬೆಯ ಅರ್ಥ ಇರುವುದು ಅದನ್ನು ಯಾರು, ಯಾವಾಗ, ಯಾರಿಗೆ ಕೊಡುತ್ತಾರೆ ಎನ್ನುವುದರಲ್ಲಿ. ಅಮೆರಿಕದ ಕಾನೂನು ಕೇಳುವುದು ಮಾತ್ರ ಬೇರೆ ಪ್ರಶ್ನೆ: ಮಾಡಿದವರು ಯಾರು, ಚೀಟಿಯಲ್ಲಿ ನಿಜ ಬರೆದಿದೆಯಾ? ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಇಷ್ಟು ವರ್ಷಗಳಿಂದ ತಕರಾರು ನಡೆದಿದೆ.

ಮಳೆ ತರುವವರು

ಹೋಪಿಗಳು ಇರುವುದು ಅರಿಝೋನಾದ ಈಶಾನ್ಯ ಭಾಗದಲ್ಲಿ. ಅಲ್ಲಿ ಮೇಸಾ ಎನ್ನುವ, ತಲೆ ಸಪಾಟಾದ ಕಲ್ಲುಗುಡ್ಡಗಳಿವೆ. ಅವರ ಹನ್ನೆರಡು ಹಳ್ಳಿಗಳಲ್ಲಿ ಹೆಚ್ಚಿನವು ಇಂಥ ಮೂರು ಮೇಸಾಗಳ ಮೇಲೆ ಮತ್ತು ಬುಡದಲ್ಲಿವೆ. ಮೂರನೇ ಮೇಸಾದ ಓರೈಬಿಯಲ್ಲಿ ಸುಮಾರು 900 ವರ್ಷಗಳಿಂದ ಜನವಸತಿ ಇದೆ. ಈಗಿನ ಅಮೆರಿಕದಲ್ಲಿ ಜನ ಬಿಡದೆ ವಾಸಿಸುತ್ತಾ ಬಂದಿರುವ ತೀರಾ ಹಳೆಯ ಊರುಗಳಲ್ಲಿ ಅದೂ ಒಂದು. ಹೋಪಿಗಳ ಒಟ್ಟು ಸಂಖ್ಯೆ ಸುಮಾರು 14 ಸಾವಿರ. ಅವರ ನೆಲವನ್ನು ನಾಲ್ಕೂ ದಿಕ್ಕಿನಿಂದ ಸುತ್ತುವರಿದಿರುವುದು ನವಾಹೊ ನೇಷನ್, ಅಂದರೆ ನವಾಹೊಗಳ ಸ್ವಂತ ಆಡಳಿತದ ಪ್ರದೇಶ. ಅಲ್ಲಿ ನೋಂದಾಯಿತರಾದ ನವಾಹೊಗಳು ಸುಮಾರು 4 ಲಕ್ಷ. ಇಷ್ಟು ದೊಡ್ಡ ಜನಾಂಗದ ನಡುವೆ ತಮ್ಮದನ್ನು ಉಳಿಸಿಕೊಳ್ಳುವ ಆತಂಕ ಹೋಪಿಗಳ ಪ್ರತಿ ಮಾತಿನ ಹಿಂದೆಯೂ ಇರುತ್ತದೆ.

ಆ ನೆಲದಲ್ಲಿ ವರ್ಷಕ್ಕೆ ಬೀಳುವ ಮಳೆ ಹತ್ತು ಇಂಚಿನ ಆಸುಪಾಸು, ಎಷ್ಟೋ ವರ್ಷ ಅದಕ್ಕಿಂತ ಕಡಿಮೆ. ದೊಡ್ಡ ನದಿ ಹತ್ತಿರದಲ್ಲಿಲ್ಲ. ಕಾಲುವೆಗಳಿಲ್ಲ. ಆದರೂ ಅವರು ಜೋಳ ಬೆಳೆಯುತ್ತಾರೆ. ನಾವು ಮುಸುಕಿನ ಜೋಳ ಅನ್ನುತ್ತೇವಲ್ಲ, ಅದೇ. ಮರಳಿನ ಕೆಳಗೆ ಹಸಿ ಇರುವ ಮಟ್ಟದವರೆಗೆ ಕೋಲಿನಿಂದ ಆಳವಾಗಿ ಗುಳಿ ತೆಗೆದು ಬೀಜ ಹಾಕುತ್ತಾರೆ. ಉಳಿದದ್ದು ಮಳೆಯ ಕೈಯಲ್ಲಿ. ಈ ಬೇಸಾಯವನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ ಕತ್ಸಿನರು ಯಾರು ಅನ್ನುವುದು ಅರ್ಥವಾಗುತ್ತದೆ.

ಕತ್ಸಿನರು ದೇವರಲ್ಲ. ಮನುಷ್ಯರಿಗೂ ಮಳೆ, ಮೋಡ, ಬೆಳೆಗಳ ಶಕ್ತಿಗೂ ನಡುವೆ ಓಡಾಡುವ ಅದೃಶ್ಯ ಜೀವಗಳು. ಒಳ್ಳೆಯ ಬಾಳು ಬಾಳಿ ಸತ್ತವರು ಮೋಡವಾಗಿ, ಕತ್ಸಿನರಾಗಿ ತಮ್ಮವರಿಗೆ ಮಳೆ ತರುತ್ತಾರೆ ಎನ್ನುವುದು ಹೋಪಿಗಳ ನಂಬಿಕೆ. ಪ್ರಾಣಿಗಳು, ಹಕ್ಕಿಗಳು, ಗಿಡಗಳು, ನಕ್ಷತ್ರಗಳು, ನೆರೆಯ ಬುಡಕಟ್ಟುಗಳು ಕೂಡ ಕತ್ಸಿನರ ರೂಪದಲ್ಲಿ ಬರಬಹುದು. ವಿದ್ವಾಂಸರು ಪಟ್ಟಿ ಮಾಡಿರುವ ರೂಪಗಳೇ 250ಕ್ಕೂ ಹೆಚ್ಚು. ಹಳ್ಳಿಯಿಂದ ಹಳ್ಳಿಗೆ ಹೆಸರು ಬೇರೆ, ಬಣ್ಣ ಬೇರೆ. ಕೆಲವರು ಮರೆಯಾಗುತ್ತಾರೆ, ಹೊಸಬರು ಬಂದು ಸೇರುತ್ತಾರೆ.

ಇವರ ಮನೆ ಫ್ಲ್ಯಾಗ್‌ಸ್ಟಾಫ್ ಊರಿನ ಹತ್ತಿರವಿರುವ ಸಾನ್ ಫ್ರಾನ್ಸಿಸ್ಕೊ ಶಿಖರಗಳು. ಆ ಹೆಸರಿನ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. 12,600 ಅಡಿಗೂ ಎತ್ತರವಿರುವ ಈ ಬೆಟ್ಟ ಮೇಸಾಗಳ ಮೇಲಿಂದ ಕಾಣುತ್ತದೆ. ಬೇಸಿಗೆಯಲ್ಲಿ ಮೋಡ ಕಟ್ಟುವುದೂ ಅದರ ನೆತ್ತಿಯ ಮೇಲೆಯೇ. ಡಿಸೆಂಬರ್ ಹೊತ್ತಿಗೆ, ಹಗಲು ತೀರಾ ಚಿಕ್ಕದಾಗುವ ಕಾಲದಲ್ಲಿ, ಮೊದಲ ಕತ್ಸಿನ ಹಳ್ಳಿಗೆ ಬರುತ್ತಾನೆ. ಮುದುಕನಂತೆ ತಡವರಿಸುತ್ತಾ ಬರುತ್ತಾನೆ. ಫೆಬ್ರವರಿಯಲ್ಲಿ ಪೊವಾಮುಯ ಎನ್ನುವ ಹಬ್ಬ. ಆಗ ಅನೇಕರು ಬರುತ್ತಾರೆ. ಜುಲೈನಲ್ಲಿ ನಿಮಾನ್, ಅಂದರೆ ಕತ್ಸಿನರನ್ನು ಬೆಟ್ಟಕ್ಕೆ ಬೀಳ್ಕೊಡುವ ಹಬ್ಬ. ವರ್ಷದ ಉಳಿದ ಅರ್ಧ ಅವರು ಬೆಟ್ಟದಲ್ಲಿರುತ್ತಾರೆ.

ಹಬ್ಬಗಳಲ್ಲಿ ಕತ್ಸಿನರು ಚೌಕದಲ್ಲಿ ಸಾಲಾಗಿ ನಿಂತು ಕುಣಿಯುತ್ತಾರೆ, ಹಾಡುತ್ತಾರೆ. ಕರಾವಳಿಯಲ್ಲಿ ದೈವ ನೇಮ ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಅಣಿ ಕಟ್ಟಿ ನಿಂತವನನ್ನು ನಾವು ‘ವೇಷಧಾರಿ’ ಎಂದು ನೋಡುವುದಿಲ್ಲ ಅಲ್ವಾ? ಆ ಹೊತ್ತಿಗೆ ಅಲ್ಲಿ ಇರುವುದು ದೈವ. ಹೋಪಿಗಳಿಗೂ ಅಲ್ಲಿ ಕುಣಿಯುತ್ತಿರುವುದು ಕತ್ಸಿನನೇ. ದೀಕ್ಷೆ ಪಡೆದವರಿಗೆ ಮಾತ್ರ ತಿಳಿಯಬೇಕಾದ ವಿಷಯಗಳು ಇದರಲ್ಲಿ ಬಹಳ ಇವೆ. ಅವನ್ನು ಹೊರಗಿನವರು ಬರೆದು ಹರಡಬೇಡಿ ಎಂದು ಹೋಪಿಗಳು ಕೇಳಿಕೊಳ್ಳುತ್ತಲೇ ಬಂದಿದ್ದಾರೆ. ಆದ್ದರಿಂದ ಆ ಕಡೆಗೆ ನಾನು ಹೋಗುವುದಿಲ್ಲ.

ಮಗುವಿನ ಮೊದಲ ಗೊಂಬೆ

ಹೋಪಿ ಮನೆಯಲ್ಲಿ ಹಸುಳೆಗೆ ಸಿಗುವ ಮೊದಲ ಗೊಂಬೆಗೂ ಅಂಗಡಿಯ ಗೊಂಬೆಗೂ ಹೋಲಿಕೆಯೇ ಇಲ್ಲ. ಅದು ಚಪ್ಪಟೆಯಾದ ಒಂದು ಸಣ್ಣ ಮರದ ತುಂಡು. ಕೈ ಇಲ್ಲ, ಕಾಲಿಲ್ಲ. ಮೇಲ್ಭಾಗದಲ್ಲಿ ಬಿಳಿ ಮುಖ, ಅರ್ಧಚಂದ್ರದಂಥ ಕಪ್ಪು ಕಣ್ಣು, ಕೆನ್ನೆಗೆ ಎರಡು ಕೆಂಪು ಬೊಟ್ಟು. ಕೆಳಗೆ ಮೈಮೇಲೆ ಕೆಂಪು ಗೆರೆಗಳು. ಇದು ಹಹಾಯಿ ವುಹ್ತಿ, ಕತ್ಸಿನರ ತಾಯಿ. ಮೊನಚಿಲ್ಲ, ಮುರಿದು ಬೀಳುವ ಭಾಗವಿಲ್ಲ. ಮಗು ಹಿಡಿಯಬಹುದು, ಬಾಯಿಗೂ ಹಾಕಬಹುದು. ತೊಟ್ಟಿಲಿಗೆ ಕಟ್ಟಿ ತೂಗಾಡಿಸುವುದೂ ಉಂಟು.

ಹೆಣ್ಣುಮಗು ಬೆಳೆದಂತೆ ಗೊಂಬೆಯೂ ಬೆಳೆಯುತ್ತದೆ. ಮುಂದಿನದು ಚಪ್ಪಟೆ ಮೈಗೆ ದುಂಡು ತಲೆ. ಆಮೇಲಿನದು ಕೈಕಾಲು ಮೂಡಿದ ಪೂರ್ತಿ ಗೊಂಬೆ. ಇವನ್ನು ತಿಹು ಎನ್ನುತ್ತಾರೆ. ಕೊಡುವುದು ಪೊವಾಮುಯ ಮತ್ತು ನಿಮಾನ್ ಹಬ್ಬಗಳಲ್ಲಿ, ಕತ್ಸಿನನ ಕೈಯಿಂದಲೇ. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಹೊರಗೆ ಒಂದು ಹಸಿರೆಲೆ ಇರುವುದಿಲ್ಲ. ಆದರೆ ನೆಲಮಾಳಿಗೆಯಂಥ ಕಿವಾಗಳಲ್ಲಿ ಬೆಂಕಿ ಹಾಕಿ, ಬೆಚ್ಚಗಿಟ್ಟು, ಹುರುಳಿಕಾಯಿ ಬೀಜದ ಮೊಳಕೆ ಎಬ್ಬಿಸಿರುತ್ತಾರೆ. ಆ ಮೊಳಕೆಯ ಕಟ್ಟಿನ ಜತೆಗೆ ಹುಡುಗಿಯ ಕೈಗೆ ಗೊಂಬೆ ಬರುತ್ತದೆ. ಜುಲೈನಲ್ಲಿ ಆ ವರ್ಷದ ಮೊದಲ ಹಸಿ ಜೋಳದ ದಂಟಿಗೆ ಗೊಂಬೆ ಕಟ್ಟಿ ಕೊಡುತ್ತಾರೆ. ಬೆಳೆ ಮತ್ತು ಗೊಂಬೆ ಒಂದೇ ಕೈಯಿಂದ, ಒಂದೇ ಗಳಿಗೆಯಲ್ಲಿ. ಗಂಡುಮಕ್ಕಳಿಗೆ ಬಿಲ್ಲು, ಬಾಣ, ಗಿಲಕಿ ಸಿಗುತ್ತವೆ.

ಹುಡುಗಿ ಅದರ ಜತೆ ಆಡುತ್ತಾಳೆ. ಆಟ ಮುಗಿದ ಮೇಲೆ ಕೊರಳಿಗೆ ದಾರ ಕಟ್ಟಿ ಗೋಡೆಗೋ ಸೂರಿನ ತೊಲೆಗೋ ತೂಗುಹಾಕುತ್ತಾರೆ. ಪೂಜೆ ಮಾಡುವುದಿಲ್ಲ. ಮಳೆ, ಬೆಳೆ, ಆರೋಗ್ಯ, ಮುಂದೆ ಮಕ್ಕಳಾಗುವ ಭಾಗ್ಯ, ಇವೆಲ್ಲ ಈ ಹುಡುಗಿಗೆ ಸಿಗಲಿ ಎನ್ನುವ ಹಾರೈಕೆ ಅದರಲ್ಲಿದೆ. ದಿನವೂ ಕಣ್ಣಿಗೆ ಬೀಳುವುದರಿಂದ ಯಾವ ಕತ್ಸಿನ ಯಾರು, ಯಾವ ಬಣ್ಣಕ್ಕೆ ಯಾವ ದಿಕ್ಕು ಅನ್ನುವುದೂ ಗೊತ್ತಾಗುತ್ತಾ ಹೋಗುತ್ತದೆ. ಹಳದಿ ವಾಯುವ್ಯಕ್ಕೆ, ನೀಲಿ ಹಸಿರು ನೈಋತ್ಯಕ್ಕೆ, ಕೆಂಪು ಆಗ್ನೇಯಕ್ಕೆ, ಬಿಳಿ ಈಶಾನ್ಯಕ್ಕೆ. ಆದರೆ ಇದನ್ನು ಸುಮ್ನೆ ಪಾಠದ ಗೊಂಬೆ ಎಂದು ಕರೆಯುವ ಮ್ಯೂಸಿಯಂ ಫಲಕಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ಪಾಠ ಅದರ ಒಂದು ಉಪಯೋಗ ಮಾತ್ರ. ಅದು ಮೊದಲಿಗೆ ಒಂದು ಉಡುಗೊರೆ, ಮತ್ತು ಕೊಟ್ಟವನು ಬೆಟ್ಟದಿಂದ ಬಂದವನು.

ಗೊಂಬೆಯನ್ನು ಕೆತ್ತುವ ಮರವೂ ನೀರಿನದ್ದೇ. ಕಾಟನ್‌ವುಡ್ ಎನ್ನುವ ಮರದ ಬೇರು ನೀರನ್ನು ಹುಡುಕಿಕೊಂಡು ಬಹಳ ದೂರ ಹರಡುತ್ತದೆ. ಒಣಗಿದ ಬೇರು ಹಗುರ, ಚಾಕುವಿಗೆ ಮೆತ್ತಗೆ. ಹಿಂದೆ ಮಳೆಗಾಲದ ಹಳ್ಳಗಳು ಹೊತ್ತು ತಂದ ಬೇರುಗಳನ್ನು ಆರಿಸಿಕೊಳ್ಳುತ್ತಿದ್ದರು. ಚಾಕು, ಉಳಿ, ಅರದಿಂದ ರೂಪ ಕೊಟ್ಟು, ಮರಳುಕಲ್ಲಿನಿಂದ ಉಜ್ಜಿ, ಬಿಳಿ ಜೇಡಿ ಬಳಿದು, ಅದರ ಮೇಲೆ ಖನಿಜದ ಬಣ್ಣ ಹಚ್ಚುತ್ತಿದ್ದರು. ಕೆತ್ತುವವರು ಗಂಡಸರು, ಹೆಚ್ಚಾಗಿ ಅಪ್ಪ ಅಥವಾ ಸೋದರಮಾವ. ಈಚೆಗೆ ಮಾರಾಟಕ್ಕಾಗಿ ಕೆತ್ತುವವರಲ್ಲಿ ಕೆಲವು ಹೆಂಗಸರೂ ಇದ್ದಾರೆ.

ಕಪಾಟಿಗೆ ಬಂದ ದಾರಿ

19ನೇ ಶತಮಾನದ ಕೊನೆಗೆ ರೈಲು ಬಂತು. ಅದರ ಜತೆ ಪ್ರವಾಸಿಗರು, ವ್ಯಾಪಾರಿಗಳು, ಮ್ಯೂಸಿಯಂನವರು ಬಂದರು. ಸ್ಮಿತ್ಸೋನಿಯನ್ ಸಂಸ್ಥೆಗಾಗಿ ಕೆಲಸ ಮಾಡುತ್ತಿದ್ದ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಹೋಪಿ ಕಲಾವಿದರಿಂದಲೇ ಕತ್ಸಿನರ ಚಿತ್ರ ಬರೆಸಿ 1903ರಲ್ಲಿ ಪ್ರಕಟಿಸಿದರು. 1905ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಅಂಚಿನಲ್ಲಿ ಹೋಪಿ ಹೌಸ್ ಎನ್ನುವ ಮಾರಾಟ ಮಳಿಗೆ ಎದ್ದಿತು. ಮುಂದೆ ಆಂದ್ರೆ ಬ್ರೆಟನ್, ಮ್ಯಾಕ್ಸ್ ಅರ್ನ್ಸ್ಟ್‌ನಂಥ ಯುರೋಪಿನ ಸರ್ರಿಯಲಿಸ್ಟ್ (ಕನಸಿನಂಥ ಲೋಕ ಕಟ್ಟುವ ಪಂಥದ) ಲೇಖಕರು, ಕಲಾವಿದರು ಈ ಗೊಂಬೆಗಳಿಗೆ ಮರುಳಾದರು. ಅರಿಝೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ತಮ್ಮ ಬಳಿಯಿದ್ದ 400ಕ್ಕೂ ಹೆಚ್ಚು ಗೊಂಬೆಗಳನ್ನು 1964ರಲ್ಲಿ ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂಗೆ ಕೊಟ್ಟರು.

ಈ ಕೊಳ್ಳುವಿಕೆ ಶುರುವಾದ ಕಾಲದಲ್ಲಿ ಅಮೆರಿಕ ಸರ್ಕಾರ ಇನ್ನೊಂದು ಕೈಯಿಂದ ಈ ಜನರ ಕುಣಿತಗಳನ್ನೇ ನಿಲ್ಲಿಸಲು ನೋಡುತ್ತಿತ್ತು. 1883ರಿಂದಲೇ ಮೂಲನಿವಾಸಿಗಳ ಎಷ್ಟೋ ಆಚರಣೆಗಳನ್ನು ಅಪರಾಧ ಎಂದು ಘೋಷಿಸುವ ನಿಯಮಗಳಿದ್ದವು. ಅದಕ್ಕೂ ಮೊದಲು ಸ್ಪೇನಿನ ಪಾದ್ರಿಗಳು ಕತ್ಸಿನ ಆಚರಣೆಗಳನ್ನು ತುಳಿಯಲು ಹೋಗಿ, 1680ರ ಪ್ವೆಬ್ಲೊ ದಂಗೆಯಲ್ಲಿ (ಪ್ವೆಬ್ಲೊ ಎಂದರೆ ಆ ಭಾಗದಲ್ಲಿ ಊರು ಕಟ್ಟಿ ನೆಲೆಸಿದ ಮೂಲನಿವಾಸಿಗಳು) ಹೋಪಿ ಹಳ್ಳಿಗಳಲ್ಲೂ ಪ್ರಾಣ ಕಳೆದುಕೊಂಡಿದ್ದರು. ಆಚರಣೆ ಬೇಡ, ಗೊಂಬೆ ಮಾತ್ರ ಬೇಕು ಎನ್ನುವ ಹೊರಗಿನವರ ಈ ಆಸೆ ಹೋಪಿಗಳಿಗೆ ಹೊಸದಲ್ಲ.

ಮಾರುಕಟ್ಟೆ ಗೊಂಬೆಯ ಮೈಕಟ್ಟನ್ನೇ ಬದಲಿಸಿತು. ಹಳೆಯ ಗೊಂಬೆಗಳು ಗಿಡ್ಡ. ಹೊಟ್ಟೆಗೆ ಒತ್ತಿ ಹಿಡಿದ ಕೈ, ನೆಟ್ಟಗೆ ನಿಂತ ಮೈ. ತೂಗುಹಾಕುವುದಕ್ಕೆ ಅದೇ ಸರಿ. ಕೊಳ್ಳುವವರು ಮೇಜಿನ ಮೇಲೆ ಇಡಲು ಬಯಸಿದರು, ಗೊಂಬೆಗೆ ಕಾಲ ಕೆಳಗೆ ಪೀಠ ಬಂತು. ಕುಣಿಯುವ ಭಂಗಿ ಚೆನ್ನ ಎಂದರು, ಕಾಲು ಎತ್ತಿತು, ಮೈ ಬಳುಕಿತು. ಇವತ್ತಿಗೂ ಪೀಠ ನೋಡಿದರೆ ಗೊಂಬೆ ಯಾರಿಗಾಗಿ ಹುಟ್ಟಿತು ಎಂದು ಹೇಳಬಹುದು.

ಗರಿಯ ಕಥೆ ಇನ್ನೂ ಸ್ವಾರಸ್ಯದ್ದು. ಮೊದಲೆಲ್ಲ ಹದ್ದು ಮತ್ತಿತರ ಹಕ್ಕಿಗಳ ನಿಜವಾದ ಗರಿ ಸಿಕ್ಕಿಸುತ್ತಿದ್ದರು. ವಲಸೆ ಹಕ್ಕಿಗಳ ಕುರಿತ 1918ರ ಕಾನೂನು, ಹದ್ದುಗಳ ರಕ್ಷಣೆಗೆ ಬಂದ 1940ರ ಕಾನೂನು ಅಂಥ ಗರಿಗಳ ಮಾರಾಟವನ್ನು ನಿಷೇಧಿಸಿದ್ದವು. 1970ರ ದಶಕದಲ್ಲಿ ಅಧಿಕಾರಿಗಳು ಬಿಗಿ ಮಾಡಿದ ಮೇಲೆ ಹೋಪಿ ಕುಶಲಕರ್ಮಿಗಳು ಗರಿಯನ್ನೂ ಮರದಲ್ಲೇ ಕೆತ್ತಲು ತೊಡಗಿದರು. ಒಂದೇ ಬೇರಿನ ತುಂಡಿನಿಂದ ಗರಿಯ ಎಳೆಎಳೆ ಎಬ್ಬಿಸುವ ಇಂದಿನ ನಾಜೂಕು ಕೆತ್ತನೆ ಬೆಳೆದಿದ್ದು ಹೀಗೆ. ಬೆಲೆ ಸಾವಿರಾರು ಡಾಲರ್‌ಗೆ ಏರಿದ್ದೂ ಆಗಲೇ.

ಹೋಪಿಗಳೊಳಗೆ ಇದರ ಬಗ್ಗೆ ಒಂದೇ ಅಭಿಪ್ರಾಯ ಇರಲಿಲ್ಲ, ಈಗಲೂ ಇಲ್ಲ. ಫ್ಲ್ಯಾಗ್‌ಸ್ಟಾಫ್‌ನ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಝೋನಾದಲ್ಲಿದ್ದ ಜಿಮ್ಮಿ ಕೆವಾನ್‌ವೈಟೆವಾ ತಮ್ಮ ಗೊಂಬೆಗಳ ಮೇಲೆ ಹೆಸರಿನ ಮೊದಲಕ್ಷರ ಹಾಕಿದ ಮೊದಲಿಗರಲ್ಲಿ ಒಬ್ಬರು. ಊರಿನವರು ಆಕ್ಷೇಪಿಸಿದರು. ಗೊಂಬೆ ಕೊಡುವವನು ಕತ್ಸಿನನಾದರೆ ಅದರ ಮೇಲೆ ಮನುಷ್ಯನ ಹೆಸರೇಕೆ? ಇವತ್ತು ಸಹಿ ಇಲ್ಲದ ಹೊಸ ಗೊಂಬೆಯನ್ನು ಅನೇಕ ಸಂಗ್ರಹಕಾರರು ಮುಟ್ಟುವುದಿಲ್ಲ. ಇದಕ್ಕೆ ತಿರುಗುತ್ತರವಾಗಿ 1970ರ ದಶಕದಲ್ಲಿ ಮ್ಯಾನ್‌ಫ್ರೆಡ್ ಸುಸುಂಕೆವಾ ಹಳೆಯ ಗಿಡ್ಡ ರೂಪಕ್ಕೆ, ಮಣ್ಣಿನ ಬಣ್ಣಕ್ಕೆ ಮರಳಿದರು. ಆ ದಾರಿಯಲ್ಲಿ ಇನ್ನೂ ಹಲವರು ನಡೆದರು. ಅವರಲ್ಲಿ ಕ್ಲಾರ್ಕ್ ತೆನಾಖೊಂಗ್ವ ಮುಂದೆ ಹೋಪಿ ಬುಡಕಟ್ಟಿನ ಉಪಾಧ್ಯಕ್ಷರೂ ಆದರು. ಆ ಗೊಂಬೆಗಳನ್ನು ಕೂಡ ಮಾರುತ್ತಾರೆ. ಆದರೆ ಮಾರುವಾಗಲೂ ಮಗುವಿನ ಕೈಗೆ ಕೊಡುವಂಥದ್ದನ್ನೇ ಮಾಡಬೇಕು ಎನ್ನುವ ಹಟ ಅವುಗಳಲ್ಲಿ ಕಾಣುತ್ತದೆ. ನನಗೆ ಆ ಹಟ ಬಹಳ ಇಷ್ಟ.

ನವಾಹೊಗಳು ಯಾಕೆ ಮಾಡುತ್ತಾರೆ?

ನವಾಹೊಗಳ ಧರ್ಮದಲ್ಲಿ ಕತ್ಸಿನರಿಲ್ಲ. ತಮ್ಮನ್ನು ದಿನೆ ಎಂದು ಕರೆದುಕೊಳ್ಳುವ ಅವರಿಗೆ ಯೇಯಿ ಎನ್ನುವ ಪವಿತ್ರ ಜೀವಗಳಿವೆ. ಚಳಿಗಾಲದಲ್ಲಿ ಒಂಬತ್ತು ರಾತ್ರಿ ನಡೆಯುವ ನೈಟ್‌ವೇ ಎನ್ನುವ ದೊಡ್ಡ ಆಚರಣೆಯಲ್ಲಿ ಯೇಯಿಗಳು ಮುಖವಾಡ ತೊಟ್ಟು ಬರುತ್ತಾರೆ. ಅದರ ಉದ್ದೇಶ ಒಬ್ಬ ರೋಗಿಯನ್ನು ಗುಣಪಡಿಸಿ ಮತ್ತೆ ಸಮತೋಲಕ್ಕೆ ತರುವುದು. ಕಾಯಿಲೆ ನೀಗುವ ಕೆಲವು ಆಚರಣೆಗಳಲ್ಲಿ ಅವರೂ ಸಣ್ಣ ಮರದ ಆಕೃತಿಗಳನ್ನು ಬಳಸುತ್ತಾರೆ. ಆದರೆ ಹುಡುಗಿಯರಿಗೆ ಹಬ್ಬದಲ್ಲಿ ಗೊಂಬೆ ಕೊಡುವ ಪದ್ಧತಿ ಅವರಲ್ಲಿಲ್ಲ. ಹೀಗಾಗಿ ‘ನವಾಹೊ ಕಚಿನ’ ಎಂದರೆ ಮಾರುವುದಕ್ಕೆಂದೇ ಹುಟ್ಟಿದ ವಸ್ತು. ಅದಕ್ಕೆ ನವಾಹೊ ಆಚರಣೆಯಲ್ಲಿ ಪಾತ್ರವಿಲ್ಲ, ಹೋಪಿ ಆಚರಣೆಯಲ್ಲೂ ಇಲ್ಲ.

ಹಾಗೆಂದು ಎರಡು ಸಂಸ್ಕೃತಿಗಳ ನಡುವೆ ಗೋಡೆಯೇನೂ ಇರಲಿಲ್ಲ. 1680ರ ದಂಗೆಯ ನಂತರ ಸ್ಪೇನಿನವರು ಮತ್ತೆ ದಂಡೆತ್ತಿ ಬಂದಾಗ ಹೆಮೆಸ್‌ನಂಥ ಪ್ವೆಬ್ಲೊ ಊರುಗಳ ಜನ ನವಾಹೊಗಳಲ್ಲಿ ಆಶ್ರಯ ಪಡೆದರು. ಅವರಿಂದ ಬೆಳೆದ ಕುಲಗಳು ನವಾಹೊಗಳಲ್ಲಿ ಇವತ್ತಿಗೂ ಇವೆ. ಮುಖವಾಡದ ಕುಣಿತ, ಮರಳಿನ ಚಿತ್ರ, ಇವುಗಳಲ್ಲಿ ಕೊಡುಕೊಳ್ಳುವಿಕೆ ಆಗಿದೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆದರೆ ಆಶ್ರಯ, ಮದುವೆ, ಒಡನಾಟದಿಂದ ಆಗುವ ಕೊಡುಕೊಳ್ಳುವಿಕೆಗೂ ಅಂಗಡಿಯ ಬೇಡಿಕೆಗೆ ತಕ್ಕ ನಕಲಿಗೂ ವ್ಯತ್ಯಾಸ ಇದೆ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಈ ವ್ಯಾಪಾರ ಜೋರಾಯಿತು. ಅದರ ಒಂದು ದೊಡ್ಡ ಕೇಂದ್ರ ನ್ಯೂ ಮೆಕ್ಸಿಕೊದ ಗ್ಯಾಲಪ್. ಇದು ನವಾಹೊ ನೇಷನ್‌ನ ಅಂಚಿನಲ್ಲಿ, ಹಳೆಯ ರೂಟ್ 66 ಹೆದ್ದಾರಿಯ ಮೇಲಿದೆ. ಗೊಂಬೆಯ ಮೈಯನ್ನು ಯಂತ್ರದಲ್ಲಿ ಕಡೆಯುತ್ತಾರೆ. ಕೈಕಾಲು ಬೇರೆ ಮಾಡಿ ಅಂಟಿಸುತ್ತಾರೆ. ಚರ್ಮ, ಮೊಲದ ತುಪ್ಪಳ, ಬಣ್ಣ ಹಾಕಿದ ಗರಿ, ನೀಲಿ ಮಣಿ ಸುತ್ತಿದರೆ ಗೊಂಬೆ ಸಿದ್ಧ. ಹದ್ದು, ತೋಳ, ಬಿಳಿ ಕಾಡೆಮ್ಮೆ, ಇಂಥವು ಜಾಸ್ತಿ ಓಡುತ್ತವೆ. ಎಷ್ಟೋ ರೂಪಗಳು ಹೋಪಿಗಳ ಯಾವ ಕತ್ಸಿನನಿಗೂ ಹೊಂದುವುದಿಲ್ಲ.

ಅಲ್ಲಿ ಕೂತು ತುಪ್ಪಳ ಅಂಟಿಸುವ ನವಾಹೊ ಹೆಣ್ಣುಮಗಳನ್ನು ಕಳ್ಳಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ನವಾಹೊ ನೇಷನ್‌ನಲ್ಲಿ ನಿರುದ್ಯೋಗ ತೀವ್ರ. ಎಷ್ಟೋ ಮನೆಗಳಿಗೆ ಇನ್ನೂ ನಲ್ಲಿ ನೀರಿಲ್ಲ, ಕರೆಂಟಿಲ್ಲ. ಬೇಡಿಕೆ ಹುಟ್ಟಿಸುವವರು ಸಗಟು ವ್ಯಾಪಾರಿಗಳು. ಲಾಭದ ದೊಡ್ಡ ಪಾಲು ಹೋಗುವುದೂ ಅವರಿಗೇ.

ಇಲ್ಲಿ ನವಾಹೊಗಳದ್ದೇ ಒಂದು ಉದಾಹರಣೆ ನೆನಪಾಗುತ್ತದೆ. ಅವರ ಚಿಕಿತ್ಸೆಯ ಆಚರಣೆಗಳಲ್ಲಿ ನೆಲದ ಮೇಲೆ ಬಣ್ಣದ ಮರಳಿನಿಂದ ಚಿತ್ರ ಬಿಡಿಸುತ್ತಾರೆ. ರೋಗಿಯನ್ನು ಅದರ ಮೇಲೆ ಕೂರಿಸುತ್ತಾರೆ. ಆಚರಣೆ ಮುಗಿದೊಡನೆ ಚಿತ್ರವನ್ನು ಅಳಿಸಿಬಿಡುತ್ತಾರೆ. ಅದು ಉಳಿಯಬಾರದು. ಆದರೆ ಹೊಸ್ಟೀನ್ ಕ್ಲಾ ಎನ್ನುವ ಹೆಸರಾಂತ ಚಿಕಿತ್ಸಕ, ನೇಕಾರ ಕೂಡ ಆಗಿದ್ದವರು, 1919ರ ಸುಮಾರಿಗೆ ಇಂಥ ಚಿತ್ರಗಳನ್ನು ಕಂಬಳಿಯಲ್ಲಿ ನೇಯತೊಡಗಿದರು. ತಮ್ಮವರಿಂದಲೇ ತೀವ್ರ ವಿರೋಧ ಬಂತು. ಮುಂದೆ ಹಲಗೆಗೆ ಮರಳು ಅಂಟಿಸಿ ಮಾರುವವರು ಬಂದರು. ಅವರು ಬಣ್ಣವನ್ನೋ ಒಂದು ಗೆರೆಯನ್ನೋ ಬೇಕೆಂದೇ ಬದಲಿಸಿ, ಅದು ಆಚರಣೆಯ ಚಿತ್ರವಾಗದಂತೆ ನೋಡಿಕೊಳ್ಳುತ್ತಾರೆ. ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಎನ್ನುವ ಗೆರೆ ನವಾಹೊಗಳಿಗೆ ಚೆನ್ನಾಗಿ ಗೊತ್ತು. ಆ ಗೆರೆಯನ್ನು ತಾವೇ ಎಳೆದುಕೊಳ್ಳುವ ಹಕ್ಕು ಅವರಿಗಿತ್ತು. ಹೋಪಿಗಳು ಕೇಳುತ್ತಿರುವುದೂ ಅದೇ ಹಕ್ಕನ್ನು. ಹೋಪಿ ಕೆತ್ತನೆಗಾರನೂ ಮಾರುತ್ತಾನಲ್ಲ ಎಂಬ ಮಾತಿಗೆ ನನ್ನ ಉತ್ತರವೂ ಇದೇ. ಮಾರುವಾಗ ಏನನ್ನು ಬಿಡಬೇಕು ಎಂಬುದನ್ನು ಅವನು ದೀಕ್ಷೆ ಪಡೆದು ಕಲಿತಿರುತ್ತಾನೆ. ತಪ್ಪಿದರೆ ಊರಿಗೆ ಉತ್ತರ ಹೇಳಬೇಕು. ಗ್ಯಾಲಪ್‌ನಲ್ಲಿ ಅಂಟಿಸುವವರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ.

ಕಾನೂನು ಎಲ್ಲಿಯವರೆಗೆ?

ಅಮೆರಿಕದಲ್ಲಿ 1990ರಲ್ಲಿ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಆಕ್ಟ್ ಬಂತು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರಿದರೆ, ಅಥವಾ ಒಂದು ಬುಡಕಟ್ಟಿನ ವಸ್ತುವನ್ನು ಇನ್ನೊಂದರದೆಂದು ಮಾರಿದರೆ ಅಪರಾಧ. ಮೊದಲ ಸಲಕ್ಕೇ ಒಬ್ಬ ವ್ಯಕ್ತಿಗೆ 2.5 ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು ಆಗಬಹುದು. ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿದ ಒಡವೆಗಳನ್ನು ಮೂಲನಿವಾಸಿಗಳದೆಂದು ಮಾರಿದ ವ್ಯಾಪಾರಿಯೊಬ್ಬನಿಗೆ 2018ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಜೈಲಾಯಿತು.

ಈ ಕಾನೂನು ಕಾಯುವುದು ಕೊಳ್ಳುವವರನ್ನು. ನವಾಹೊ ಗೊಂಬೆಯನ್ನು ‘ಹೋಪಿ’ ಎಂದು ಮಾರಿದರೆ ತಪ್ಪು. ‘ನವಾಹೊ ಮಾಡಿದ ಕಚಿನ’ ಎಂದರೆ ತಪ್ಪಿಲ್ಲ. ಅದು ನಿಜ ತಾನೇ? ಒಂದು ಜನಾಂಗ ಪೂಜ್ಯವೆಂದು ಕಾಣುವ ರೂಪವನ್ನು ಬೇರೆಯವರು ಮಾಡಬಾರದು ಎನ್ನುವ ನಿಯಮ ಅದರಲ್ಲಿಲ್ಲ. ಕಾಪಿರೈಟ್ ಕೂಡ ಸಹಾಯಕ್ಕೆ ಬರುವುದಿಲ್ಲ. ಅದಕ್ಕೆ ಒಬ್ಬ ಕರ್ತೃ ಬೇಕು, ಒಂದು ಅವಧಿ ಬೇಕು. ನೂರಾರು ವರ್ಷಗಳಿಂದ ಒಂದು ಊರಿಗೆ ಸೇರಿದ ರೂಪಕ್ಕೆ ಅಲ್ಲಿ ಜಾಗವಿಲ್ಲ. ಹೋಪಿಗಳು ಎಷ್ಟೇ ಬೇಡಿಕೊಂಡರೂ ಈ ವ್ಯಾಪಾರ ನಿಲ್ಲದಿರುವುದಕ್ಕೆ ಕಾರಣ ಇಲ್ಲಿದೆ.

ಕಾನೂನು ಹೀಗೆ ಕೈಚೆಲ್ಲಿದ ಕಡೆ ಹೋಪಿಗಳಿಗೆ ಉಳಿಯುವುದು ಬಾಗಿಲು ಮುಚ್ಚುವ ದಾರಿ. 1992ರಲ್ಲಿ ಮಾರ್ವೆಲ್ ಕಂಪನಿಯ ಒಂದು ಕಾಮಿಕ್‌ನಲ್ಲಿ ಕತ್ಸಿನರನ್ನು ಹೊಡೆದಾಡುವ ಕೇಡಿಗರಂತೆ ತೋರಿಸಿದ್ದರು. ಹೋಪಿಗಳು ಸಿಡಿದೆದ್ದ ಮೇಲೆ ಕಂಪನಿ ಆ ಸಂಚಿಕೆಯನ್ನು ವಾಪಸ್ ತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಹಲವು ಹಳ್ಳಿಗಳು ಕತ್ಸಿನ ಕುಣಿತಗಳನ್ನು ಹೊರಗಿನವರು ನೋಡದಂತೆ ಮಾಡಿಬಿಟ್ಟವು. ಅವುಗಳಲ್ಲಿ ಎಷ್ಟೋ ಹಳ್ಳಿಗಳ ಬಾಗಿಲು ಮತ್ತೆ ತೆರೆದಿಲ್ಲ.

ಮುಖಕ್ಕೆ ಧರಿಸುವ ಪವಿತ್ರ ವಸ್ತುಗಳ ಸಂಗತಿ ಗೊಂಬೆಗಿಂತ ಗಂಭೀರ. ಅವನ್ನು ಹೋಪಿಗಳು ಮಾರುವ ಪ್ರಶ್ನೆಯೇ ಇಲ್ಲ. ಜೀವವಿರುವ ಸ್ನೇಹಿತರೆಂದೇ ಅವರು ಅವನ್ನು ಕಾಣುತ್ತಾರೆ, ಫೋಟೊ ಹಾಕುವುದಕ್ಕೂ ಒಪ್ಪುವುದಿಲ್ಲ. 2013ರ ಏಪ್ರಿಲ್ 12ರಂದು ಪ್ಯಾರಿಸ್‌ನ ದ್ರುವೊ ಹರಾಜು ಕೇಂದ್ರದಲ್ಲಿ ಇಂಥ ಸುಮಾರು 70 ವಸ್ತುಗಳು ಹರಾಜಾದವು. ಹೋಪಿಗಳ ಪರವಾಗಿ ಹೂಡಿದ ದಾವೆಯನ್ನು ಫ್ರೆಂಚ್ ನ್ಯಾಯಾಲಯ ತಳ್ಳಿಹಾಕಿತು. ಇವುಗಳನ್ನು ಬದುಕಿರುವ ಅಥವಾ ಸತ್ತ ವ್ಯಕ್ತಿಗಳಿಗೆ ಸಮ ಎನ್ನಲಾಗದು ಎಂಬುದು ಅದರ ವಾದ. ಒಟ್ಟು 9 ಲಕ್ಷ ಯೂರೊಗೂ ಹೆಚ್ಚು ಹಣ ಬಂತು. ಹೋಪಿಗಳ ಪರ ವಾದಿಸಿದ ವಕೀಲರೇ ಹರಾಜಿನಲ್ಲಿ ಒಂದನ್ನು ಕೊಂಡು ಊರಿಗೆ ಮುಟ್ಟಿಸಿದರು. ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಹರಾಜು ನಡೆದಾಗ ಅಮೆರಿಕದ ಆ್ಯನೆನ್‌ಬರ್ಗ್ ಫೌಂಡೇಶನ್ ಸುಮಾರು 5.3 ಲಕ್ಷ ಡಾಲರ್ ಕೊಟ್ಟು 24 ವಸ್ತುಗಳನ್ನು ಕೊಂಡಿತು. 21 ಹೋಪಿಗಳಿಗೆ, 3 ಸಾನ್ ಕಾರ್ಲೋಸ್ ಅಪಾಚೆಗಳಿಗೆ ಹಿಂದಿರುಗಿದವು. ನಮ್ಮ ಮನೆಯವರನ್ನು ನಾವೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕೇ ಎನ್ನುವ ನೋವು ಆ ಸಂತೋಷದ ಜತೆಗೇ ಇತ್ತು.

ಈ ಹರಾಜುಗಳಿಂದ ಒಂದು ಫಲ ಸಿಕ್ಕಿತು. ಇಂಥ ವಸ್ತುಗಳನ್ನು ಅಮೆರಿಕದಿಂದ ಹೊರಗೆ ಸಾಗಿಸುವುದನ್ನು ತಡೆಯುವ ಸ್ಟಾಪ್ ಆಕ್ಟ್ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಬುಡಕಟ್ಟುಗಳ ಪವಿತ್ರ ವಸ್ತುಗಳನ್ನು ಮ್ಯೂಸಿಯಂಗಳು ಹಿಂದಿರುಗಿಸಬೇಕೆಂಬ 1990ರ ಕಾನೂನಿಗೆ 2024ರ ಜನವರಿಯಲ್ಲಿ ಹೊಸ ನಿಯಮಗಳು ಸೇರಿದವು. ಈಗ ಅಂಥ ವಸ್ತುಗಳನ್ನು ಪ್ರದರ್ಶಿಸುವ ಮುನ್ನ ಆಯಾ ಬುಡಕಟ್ಟಿನ ಒಪ್ಪಿಗೆ ಬೇಕು. ಷಿಕಾಗೊದ ಫೀಲ್ಡ್ ಮ್ಯೂಸಿಯಂ ಹಲವು ಗಾಜಿನ ಪೆಟ್ಟಿಗೆಗಳಿಗೆ ಮುಸುಕು ಹಾಕಿತು. ನ್ಯೂಯಾರ್ಕ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎರಡು ಸಭಾಂಗಣಗಳನ್ನೇ ಮುಚ್ಚಿತು. ಮಾರಾಟಕ್ಕೆಂದು ಕೆತ್ತಿದ ಗೊಂಬೆಗಳು ಈ ನಿಯಮದೊಳಗೆ ಬರುವುದಿಲ್ಲ. ಆದರೆ ಯಾರನ್ನು ಕೇಳಬೇಕು ಎನ್ನುವ ಪ್ರಶ್ನೆ ಕಾನೂನಿನ ಮಾತಾಗಿದೆ. ನನ್ನ ಪ್ರಕಾರ ಇದು ದೊಡ್ಡ ಹೆಜ್ಜೆ.

ಒಂದೇ ಬೆಟ್ಟ

ಗೊಂಬೆಯ ಸಿಟ್ಟಿನ ಹಿಂದೆ ನೆಲದ ಸಿಟ್ಟೂ ಇದೆ. 1882ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ನಕ್ಷೆಯ ಮೇಲೆ ಒಂದು ಚೌಕ ಎಳೆದು ಹೋಪಿಗಳಿಗೆಂದು ಜಾಗ ಗುರುತಿಸಿದರು. ಅದರೊಳಗೆ ನವಾಹೊಗಳೂ ಇದ್ದರು. ಮುಂದೆ ಮೊಕದ್ದಮೆಗಳಾಗಿ, 1974ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ನೆಲವನ್ನು ಹಂಚಿತು. ಗೆರೆಯ ತಪ್ಪು ಬದಿಯಲ್ಲಿದ್ದ 10 ಸಾವಿರಕ್ಕೂ ಹೆಚ್ಚು ನವಾಹೊಗಳು ಮನೆ ಬಿಡಬೇಕಾಯಿತು. ಸ್ಥಳಾಂತರಗೊಂಡ ಹೋಪಿಗಳೂ ಇದ್ದರು, ಆದರೆ ಅವರ ಸಂಖ್ಯೆ ಬಹಳ ಕಡಿಮೆ. ಮನೆ ಕಳೆದುಕೊಂಡ ಮುದುಕಿಯ ಮುಂದೆ ಗೊಂಬೆಯ ಮಾತೆತ್ತುವುದು ಸುಲಭವಲ್ಲ.

ಇಷ್ಟೆಲ್ಲ ಇದ್ದೂ, ಬೆಟ್ಟದ ವಿಷಯ ಬಂದಾಗ ಇಬ್ಬರೂ ಒಂದೇ ಕಡೆ ನಿಂತರು. ಸಾನ್ ಫ್ರಾನ್ಸಿಸ್ಕೊ ಶಿಖರಗಳು ನವಾಹೊಗಳಿಗೂ ಪವಿತ್ರ, ಅವರ ನಾಡಿನ ಪಶ್ಚಿಮದ ಎಲ್ಲೆ. ಅಲ್ಲಿನ ಸ್ನೋಬೌಲ್ ಸ್ಕೀ ರೆಸಾರ್ಟ್, ಶುದ್ಧೀಕರಿಸಿದ ಚರಂಡಿ ನೀರಿನಿಂದ ಕೃತಕ ಹಿಮ ಮಾಡಲು ಹೊರಟಿತು. ಹೋಪಿಗಳು, ನವಾಹೊಗಳು, ಇನ್ನೂ ಹಲವು ಬುಡಕಟ್ಟುಗಳು ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು. 2009ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. 2012ರ ಕೊನೆಯಲ್ಲಿ ಕೃತಕ ಹಿಮ ಬೀಳತೊಡಗಿತು. ಹೋಪಿಗಳು ಬೇರೆಯಾಗಿ ಹೂಡಿದ ದಾವೆಯೂ 2018ರಲ್ಲಿ ಅರಿಝೋನಾ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಕತ್ಸಿನರ ಮನೆಯ ಮೇಲೆ ಈಗಲೂ ಚಳಿಗಾಲದಲ್ಲಿ ಆ ನೀರಿನ ಹಿಮ ಬೀಳುತ್ತದೆ.

ಹೋಪಿ ಕೆತ್ತನೆಗಾರರ ಹೊಟ್ಟೆಪಾಡೂ ಸುಲಭವಾಗಿಲ್ಲ. ನದಿಗಳಿಗೆ ಅಣೆಕಟ್ಟು ಬಿದ್ದ ಮೇಲೆ ಕಾಟನ್‌ವುಡ್ ಬೇರು ಸಿಗುವುದು ಕಡಿಮೆಯಾಗಿದೆ. ಎಷ್ಟೋ ಜನ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಬುಡಕಟ್ಟಿನ ಬೊಕ್ಕಸಕ್ಕೆ ಬಹುಪಾಲು ಆದಾಯ ತರುತ್ತಿದ್ದ ಕಲ್ಲಿದ್ದಲು ಗಣಿ 2019ರಲ್ಲಿ ಮುಚ್ಚಿತು. ಇಂಥ ಹೊತ್ತಿನಲ್ಲಿ ಒಂದು ಗೊಂಬೆಗೆ ವಾರಗಟ್ಟಲೆ ಕೂರುವವನು, ದಿನಕ್ಕೆ ಹತ್ತಾರು ಹೊರಬರುವ ಗೊಂಬೆಗಳ ಪಕ್ಕದಲ್ಲಿ ಬೆಲೆ ಹೇಳಬೇಕು.

ಆ ಕಡೆ ಹೋಗುವವರಿಗೆ ಒಂದೆರಡು ಮಾತು. ಗೊಂಬೆ ಕೊಳ್ಳುವ ಮನಸ್ಸಿದ್ದರೆ ಮಾಡಿದವರ ಹೆಸರು, ಬುಡಕಟ್ಟು, ಹಳ್ಳಿ ಕೇಳಿ. ಒಂದೇ ಬೇರಿನಿಂದ ಕೆತ್ತಿದ್ದೋ, ತುಂಡು ಅಂಟಿಸಿದ್ದೋ ನೋಡಿ. ಕತ್ಸಿನನ ಹೆಸರೇನು ಎಂದು ಕೇಳಿ. ‘ನೇಟಿವ್ ಮೇಡ್’ ಎಂದಷ್ಟೇ ಹೇಳುವ ಅಂಗಡಿಯವರು ಉಳಿದದ್ದನ್ನು ಹೇಳಲಾರರು. ಸಾಧ್ಯವಾದರೆ ಎರಡನೇ ಮೇಸಾದವರೆಗೆ ಹೋಗಿ. ಅಲ್ಲಿ ಹೋಪಿ ಕಲ್ಚರಲ್ ಸೆಂಟರ್ ಇದೆ, ಸುತ್ತಮುತ್ತ ಕೆತ್ತನೆಗಾರರೇ ನಡೆಸುವ ಪುಟ್ಟ ಅಂಗಡಿಗಳಿವೆ, ದುಡ್ಡು ನೇರ ಅವರ ಕೈಗೆ ಸೇರುತ್ತದೆ. ಹಳ್ಳಿಯೊಳಗೆ ಫೋಟೊ, ವಿಡಿಯೊ, ರೆಕಾರ್ಡಿಂಗ್ ಯಾವುದಕ್ಕೂ ಅವಕಾಶವಿಲ್ಲ, ಕೂತು ಚಿತ್ರ ಬರೆದುಕೊಳ್ಳುವುದಕ್ಕೂ ಇಲ್ಲ. ಊರ ಬಾಗಿಲಿನ ಫಲಕದಲ್ಲಿ ಇದನ್ನೆಲ್ಲ ಬರೆದಿರುತ್ತಾರೆ. ಆ ದಿನ ಹಬ್ಬವಿದ್ದು, ಹೊರಗಿನವರಿಗೆ ಪ್ರವೇಶವಿಲ್ಲ ಎಂದಿದ್ದರೆ ಕಾರು ತಿರುಗಿಸಿಕೊಂಡು ಬನ್ನಿ.